ಸೀಟಿನ ಕೆಳಗಿನ ಭಟ್ಟಿ

ಓಮ್ನಿಯ ಎಂಜಿನ್ನು ಮುಂದಿಲ್ಲ, ಹಿಂದೂ ಇಲ್ಲ,
ಕೂತವನ ತೊಡೆಯ ಕೆಳಗೇ ಇದೆ.
ಹೀಗಾಗಿ ಅದಕ್ಕೆ ಜ್ವರ ಬಂದರೆ
ಮೊದಲು ಗೊತ್ತಾಗುವುದು ಮೀಟರಿನ ಮುಳ್ಳಿಗಲ್ಲ, ಲುಂಗಿಗೆ.

ಅವತ್ತು ಆನಗೋಡು ದಾಟುವಾಗಲೇ ಸುಡುತ್ತಿತ್ತು.
ಏಪ್ರಿಲ್ಲು, ಹಗಲು ಹನ್ನೊಂದೂವರೆ,
ಬಿಸಿಲಿಂದಿರಬೇಕು ಅಂದುಕೊಂಡೆ.
ಒಳಗೆ ಆರು ಚೀಲ ಮಂಡಕ್ಕಿ, ಮೇಲೆ ಐದು,
ದುರ್ಗದ ಅಂಗಡಿಗಳಿಗೆ.
ಲೆಕ್ಕ ಹಾಕಿದರೆ ನಾನು ಸಾಗಿಸುವುದು
ಅಕ್ಕಿಗಿಂತ ಹೆಚ್ಚು ಗಾಳಿ.
ಇಷ್ಟಕ್ಕೆ ಯಾವ ಎಂಜಿನ್ನು ಏದುಸಿರು ಬಿಡುತ್ತದೆ?

ಭರಮಸಾಗರ ಬಿಟ್ಟ ಮೇಲೆ ಸದ್ದು ಶುರುವಾಯಿತು.
ಚಟ್. ಚಟ ಚಟ. ಚಟ್.
ಏರಿನಲ್ಲಿ ಜೋರು, ಇಳಿಜಾರಲ್ಲಿ ಮೆತ್ತಗೆ.
ಬೇರೆ ಯಾರಾದರೂ ಬೆಚ್ಚಿ ಗಾಡಿ ನಿಲ್ಲಿಸುತ್ತಿದ್ದರು.
ನನಗೆ ನಿದ್ದೆ ಬರುವಷ್ಟು ಹಿತವಾಯಿತು.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ,
ಮಂಡಕ್ಕಿ ಭಟ್ಟಿಯ ಗೋಡೆಗೆ ಒರಗಿದ ಮನೆಯಲ್ಲಿ.
ನಸುಕಿನ ಮೂರಕ್ಕೆ ಅಮ್ಮಿ ಒಲೆಗೆ ಹೊಟ್ಟು ತಳ್ಳಿ,
ಬಾಣಲೆಯ ಮರಳು ಕಾದು,
ಉಪ್ಪುಂಡ ಅಕ್ಕಿ ಅದರೊಳಗೆ ಬಿದ್ದೊಡನೆ
ಇದೇ ಸದ್ದು, ಇದೇ ಲಯ,
ಇದಕ್ಕೇ ನನ್ನ ತೊಟ್ಟಿಲು ತೂಗುತ್ತಿದ್ದದ್ದು.

ಜೊತೆಗೆ ಇನ್ನೊಂದಿತ್ತು, ಹಳೆಯದು:
ಕುಂಯ್ಯೋ ಅಂತ, ಕಟ್ಟಿಹಾಕಿದ ನಾಯಿಮರಿಯ ಹಾಗೆ.
ಅದಕ್ಕೆ ರೇಡಿಯೋ ಜೋರು ಮಾಡಿದೆ.

ಸಿರಿಗೆರೆ ಕ್ರಾಸಿನ ಹತ್ತಿರ ವ್ಯಾನೇ ತೀರ್ಮಾನಿಸಿ ನಿಂತಿತು.
ಸೀಟೆತ್ತಿದರೆ ಹಬೆ,
ಕೆಟ್ಟುಹೋದ ಬೆಲ್ಲದ ಪಾಕದ ವಾಸನೆ.
ಬಾಟಲಿ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೆ.
"ಏಯ್, ಮುಟ್ಟಬ್ಯಾಡ!"
ಟೈರಿನ ರಾಶಿಯ ಹಿಂದಿನಿಂದ ಎದ್ದು ಬಂದ ಪಾಲಯ್ಯ.
"ಮುಚ್ಚಳ ತೆಗದ್ಯೋ, ಮುಖದ ತೊಗಲು ಸುಲಿತತಿ.
ತಣ್ಣೀರು ಸುರದ್ಯೋ, ಹೆಡ್ಡು ಸೀಳ್ತತಿ.
ಕುಂದ್ರು. ಅದೂ ಕುಂತಿರ್ಲಿ."

ಅಮ್ಮಿಯೂ ಅನ್ನುತ್ತಿದ್ದಳು:
ಕಾದ ಬಾಣಲೆಗೆ ನೀರು ತೋರಿಸಬೇಡ, ಬಾಯಿ ಬಿಡ್ತದೆ.

ಮುಕ್ಕಾಲು ಗಂಟೆ.
ಒಂದು ಚೀಲದ ಹೊಲಿಗೆ ಬಿಚ್ಚಿದೆ,
ಅವನು ಈರುಳ್ಳಿ ಗುದ್ದಿದ, ಹಸಿಮೆಣಸಿನಕಾಯಿ ಮುರಿದ.
ಹೆಸರು ಕೇಳಿದ. ಜಬೀವುಲ್ಲಾ ಅಂದೆ.
ದೂರದ ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ
ಮೂರು ರೆಕ್ಕೆಯಿದ್ದೂ ಕೆಲಸವಿರಲಿಲ್ಲ.
ಎಂಜಿನ್ನು ಆರುತ್ತ, ಆರುತ್ತ,
ಟಿಕ್ ಅನ್ನುತ್ತಿತ್ತು, ಬಹಳ ಹೊತ್ತು ಬಿಟ್ಟು ಮತ್ತೆ ಟಿಕ್.

ಆಮೇಲೆ ನೀರು ತುಂಬಿಸಿ, ಸ್ಟಾರ್ಟ್ ಮಾಡು ಅಂದ.
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗಿಟ್ಟು
ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ
ಪಕ್ಕದ ಮನೆಯ ಜಗಳ ಆಲಿಸುವವನಂತೆ ಕಣ್ಣು ಮುಚ್ಚಿದ.
"ವಾಟರ್ ಪಂಪಿನ ಬೇರಿಂಗ್ ಹೋಗೈತಿ.
ಇದು ಅಳ್ತಾ ಎಷ್ಟು ದಿನ ಆತು?"
ವಾರ ಅಂದೆ. ಹದಿನೈದು ದಿನವಾಗಿತ್ತು.
ಮತ್ತೆ ಆ ಚಟಚಟ?
"ನೀರು ತಿರುಗ್ದಂಗೆ ಕಾದೂ ಕಾದೂ
ಪೆಟ್ರೋಲು ಹೊತ್ತಿಗೆ ಮುಂಚೆ ಸಿಡೀತಿತ್ತು."

ಹೊತ್ತಿಗೆ ಮುಂಚೆ.
ಅಮ್ಮಿಗೆ ಗಡಿಯಾರ ಇರಲಿಲ್ಲ.
ಸದ್ದು ತೆಳುವಾಗುವ ಚಣಕ್ಕೆ ಸರಿಯಾಗಿ
ಜರಡಿ ಇಳಿಸಿ ಎತ್ತುತ್ತಿದ್ದಳು,
ಒಂದುಸಿರು ತಡವಾದರೆ ಇಡೀ ಬಾಣಲೆ ಕರಿ.
ಕಿವಿ ಇಲ್ಲಿಡೋ ಅಂತ ನನ್ನ ತಲೆ ತಿರುಗಿಸುತ್ತಿದ್ದಳು.
ಆ ಸದ್ದಿಗೆ ನಾನು ಮಲಗುವುದನ್ನಷ್ಟೇ ಕಲಿತೆ.

ಪಾಲಯ್ಯನ ಹುಡುಗ ಬೈಕಿನಲ್ಲಿ ದುರ್ಗಕ್ಕೆ ಹೋಗಿ
ಹೊಸ ಪಂಪು ತಂದ. ಅದಕ್ಕೆ ದುಡ್ಡು ಕೊಟ್ಟೆ.
ಕೂಲಿಗೆ ಬಿಚ್ಚಿದ ಚೀಲ ಸಾಕು ಅಂದ,
ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ.

ಉಳಿದ ಚೀಲ ಇಳಿಸಿ ಮರಳುವಾಗ ಕತ್ತಲು.
ರೇಡಿಯೋ ಹಾಕಲಿಲ್ಲ.
ಭರಮಸಾಗರದ ಹತ್ತಿರ ಮತ್ತೆ, ಚಟ್.
ತಕ್ಷಣ ಬದಿಗೆ ಹಾಕಿ, ಇಳಿದು, ಸೀಟೆತ್ತಿ
ಮೊಬೈಲಿನ ಬೆಳಕಲ್ಲಿ ಸ್ಪ್ಯಾನರನ್ನು ಕಿವಿಗೊತ್ತಿ ಕೂತೆ.
ಎಂಜಿನ್ನು ಸುಮ್ಮನೆ ತನ್ನ ಪಾಡಿಗಿತ್ತು.
ಮೇಲೆ ಕ್ಯಾರಿಯರಿಗೆ ಕಟ್ಟಿದ ಖಾಲಿ ಚೀಲ
ಗಾಳಿಗೆ ಬಡಿಯುತ್ತಿತ್ತು.