ಖಾಲಿ ಜಾಗದ ಬಾಡಿಗೆ

ಕುರಿ ಸಾಕುವುದು ಬಿಟ್ಟು ಹನ್ನೆರಡು ವರ್ಷ.
ಉಣ್ಣೆ ಕತ್ತರಿಸುತ್ತಿದ್ದ ಕೊಟ್ಟಿಗೆಯಲ್ಲೀಗ ಕಾರುಗಳು ಮಲಗುತ್ತವೆ,
ತಿಂಗಳಿಗೆ ನಲವತ್ತು ಡಾಲರು.
ರ್‍ಯಾನ್‌ಫರ್ಲಿಯ ಚಳಿ ಒಣ ಚಳಿ, ತುಕ್ಕು ಹಿಡಿಯುವುದಿಲ್ಲ:
ಇದೊಂದೇ ನನ್ನ ಜಾಹೀರಾತು.
ಹಲಗೆಗಳಲ್ಲಿ ಇನ್ನೂ ಉಣ್ಣೆಯ ಜಿಡ್ಡಿದೆ.
ಪರದೇಶದಿಂದ ಮರಳಿದವರು ದೂರುತ್ತಾರೆ, ಸೀಟೆಲ್ಲ ಕುರಿವಾಸನೆ ಎಂದು.
ಅದಕ್ಕೆ ಬೇರೆ ಚಾರ್ಜಿಲ್ಲ ಅನ್ನುತ್ತೇನೆ.

ಮೇ ತಿಂಗಳಲ್ಲಿ ಬಂದಳು ಮೊರ್ವೆನ್ ಡೌಲಿಂಗ್,
ನಮ್ಮ ಕಡೆಯ ದನದ ಡಾಕ್ಟರು.
ಎರಡು ವರ್ಷ ಮಂಗೋಲಿಯಾ, ಅಲ್ಲಿ ಕುದುರೆ, ಒಂಟೆ, ಯಾಕ್.
ಇಲ್ಲಿ ಈ ಸುಬರು:
ಎಡಬಾಗಿಲಿಗೆ ಯಾವುದೋ ಹೋರಿ ಗುದ್ದಿದ ಗುಂಡಿ,
ಡಿಕ್ಕಿಯಲ್ಲಿ ಕರು ಎಳೆಯುವ ಸರಪಳಿ, ಅಯೋಡಿನ್ ಕಲೆ,
ಮುಂದಿನ ಗಾಜಿನಲ್ಲಿ ಜೇಡನಂಥ ಬಿರುಕು.
“ಮಾರಲೋ? ಇಡಲೋ?” ಎಂದಳು.
ಕಾಲು ಮಡಚಿ ಬಿದ್ದ ಹಸುವಿನ ಪಕ್ಕ ನಿಂತು
ನಾವು ಅವಳನ್ನು ಕೇಳುತ್ತಿದ್ದದ್ದು ಹೀಗೇ.

ಮೇವಿನ ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದೆ.
ಇಪ್ಪತ್ತನಾಲ್ಕು ನಲವತ್ತಲಿ ಒಂಬೈನೂರ ಅರವತ್ತು.
ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ಟೈರು ನಾಲ್ಕೂ ಹೊಸವು.
ಇವತ್ತಿನ ಬೆಲೆ ಮೂರು ಸಾವಿರ,
ಕೊಳ್ಳುವವ ಬಿರುಕು ನೋಡದಿದ್ದರೆ.
ಮಾರು, ಅಂದಿತು ಲೆಕ್ಕ.
ನಿಜ ಹೇಳುವುದರಲ್ಲಿ ನನಗೇನು ನಷ್ಟ?
ಒಂಬೈನೂರ ಅರವತ್ತು ನಷ್ಟ.

ಒಳಗೆ ಕರೆದೊಯ್ದು ತೋರಿಸಿದೆ.
ಕೆಂಪು ಟೊಯೋಟಾ, ಕ್ಯಾಲಮ್ ಮತ್ತು ಟೆಸ್ಸಾರದು.
ಜೊತೆಯಾಗಿ ಹೋದವರು ಅಲ್ಲಿ ಏರಿಗೊಬ್ಬರು ನೀರಿಗೊಬ್ಬರು ಎಳೆದು
ಈಗ ದೋಹಾದಿಂದ ಇಪ್ಪತ್ತು, ಲೀಡ್ಸಿನಿಂದ ಇಪ್ಪತ್ತು,
ತಿಂಗಳು ತಪ್ಪಿಲ್ಲ.
ಮಾರಿಬಿಡಿ ಅಂತ ಇಬ್ಬರೂ ಬರೆದಿಲ್ಲ.
ಆ ಹಸಿರು ವ್ಯಾನು, ಒಂದು ಸುಗ್ಗಿಗೆಂದು
ಚಿಲಿಗೆ ದ್ರಾಕ್ಷಿ ಕೊಯ್ಯಲು ಹೋದವನದು. ಏಳನೇ ವರ್ಷ.
ಈ ಮಾಜ್ದಾದಲ್ಲಿ ಇಲಿ ಮರಿ ಹಾಕಿತ್ತು,
ರಸ್ತೆ ನಕ್ಷೆಯನ್ನು ಹರಿದು ಹಾಸಿಗೆ ಮಾಡಿ.
ಸೌತ್‌ಲ್ಯಾಂಡ್ ಪೂರ್ತಿ ಹೋಗಿದೆ, ಡನೀಡನ್ ಅರ್ಧ ಉಳಿದಿದೆ.

“ಇವರೆಲ್ಲ ಬರುತ್ತಾರಾ?”
“ತಿಂಗಳ ಮೊದಲ ಭಾನುವಾರ
ಒಂದೊಂದನ್ನೂ ಸ್ಟಾರ್ಟ್ ಮಾಡುತ್ತೇನೆ” ಅಂದೆ.
ಅವಳು ಕೇಳಿದ್ದು ಅದಲ್ಲ.

ಶನಿವಾರ ಮಾರಿದಳು.
ನೇಸ್‌ಬಿಯಿಂದ ಬಂದ ಹುಡುಗ, ಟಿಪೆನೆ, ಹದಿನೆಂಟಿರಬೇಕು.
ಕೇಳಿದ್ದು ಒಂದೇ ಪ್ರಶ್ನೆ: ಹಾಡು ಬರುತ್ತದಾ?
ಎರಡು ಸಾವಿರದ ಆರುನೂರು. ಬಾನೆಟ್ಟಿನ ಮೇಲೇ ಸಹಿ.
ಜಲ್ಲಿ ಎರಚಿಕೊಂಡು ಹೋದ ಕಳ್ಳನನ್ಮಗ,
ವೆಡರ್‌ಬರ್ನ್ ರಸ್ತೆಯ ತಿರುವಿನವರೆಗೂ ಧೂಳು.
ಸರಪಳಿ ಅವಳ ಕೈಯಲ್ಲೇ ಉಳಿದಿತ್ತು.
ಧೂಳು ಕೂತ ಮೇಲೆ ಪರ್ಸು ತೆಗೆದಳು.
ಇಪ್ಪತ್ತರ ಎರಡು ನೋಟು.
“ಕಾರು ಹೋಯಿತಲ್ಲಮ್ಮ?”
“ಜಾಗಕ್ಕೆ” ಎಂದಳು. “ಯಾರಿಗೂ ಕೊಡಬೇಡಿ.”

ತಮಾಷೆ ಅಂದುಕೊಂಡೆ. ಜೂನಿನಲ್ಲಿ ನಲವತ್ತು ಬಂತು,
ಉಲಾನ್‌ಬಾತರದಿಂದ. ಜುಲೈನಲ್ಲೂ.
ಬಾಗಿಲಿನಿಂದ ಮೂರನೆಯದು,
ಕುರಿ ಹಿಡಿದು ಕೂರಿಸುತ್ತಿದ್ದ ಅಂಕಣ. ನಾಯಿ ಮಲಗುತ್ತದೆ.
ಆಗಸ್ಟಿನಲ್ಲಿ ಯಾರೋ ದೋಣಿ ತಂದ,
ಅರವತ್ತು ಕೊಡುತ್ತೇನೆ ಅಂದ.
“ಅದು ತುಂಬಿದೆ” ಅಂದೆ.
ಅವನು ಜಾಗ ನೋಡಿದ, ನನ್ನ ಮುಖ ನೋಡಿದ,
ದೋಣಿ ಎಳೆದುಕೊಂಡು ಹೋದ.

ಮೊದಲ ಭಾನುವಾರ ಇದ್ದಬದ್ದ ಐದನ್ನೂ ಸ್ಟಾರ್ಟ್ ಮಾಡಿ,
ಅಂಗಳದಲ್ಲಿ ಒಂದು ಸುತ್ತು ಹೊಡೆಸಿ, ಹೊದಿಕೆ ಎಳೆದು,
ಅಲ್ಲಿಗೆ ಬರುತ್ತೇನೆ.
ನಾಯಿಯನ್ನು ಎಬ್ಬಿಸಿ, ಪೊರಕೆ ಆಡಿಸಿ,
ಸ್ವಲ್ಪ ಹೊತ್ತು ನಿಂತು, ಬಾಗಿಲು ಹಾಕುತ್ತೇನೆ.
ಬಾಡಿಗೆ ತಗೊಂಡ ಮೇಲೆ
ಏನಾದರೂ ಮಾಡಬೇಕಲ್ಲ.