ಎಂಬತ್ತನೇ ನಂಬರಿನ ರಸ್ತೆ

ಶುಕ್ರವಾರ. ಜಹ್ರಾ ದಾಟಿದ ಮೇಲೆ
ಮೊಯಿದಿನಬ್ಬ ಎಸಿ ಆರಿಸಿ ಗಾಜು ಇಳಿಸಿದರು.
ಹಿಂದಿನ ಸೀಟಿನಲ್ಲಿ ಖುಬ್ಬೂಸಿನ ಕಟ್ಟು,
ನಾನು ಬರೆದು ತಂದ ಯುದ್ಧದ ಪಟ್ಟಿ:
ಎಷ್ಟು ಟ್ಯಾಂಕು, ಯಾವ ರಾತ್ರಿ, ಯಾವ ತಿರುವು.

ಮುತ್ಲಾ ದಿಬ್ಬದ ನೆತ್ತಿಗೆ ಬಂದರೆ
ಏನಿಲ್ಲ ಮಾರಾಯ, ಏನೇನೂ ಇಲ್ಲ.
ನುಣ್ಣನೆ ಡಾಂಬರು,
ಚಳಿಗಾಲದ ಬಿಡಾರಗಳು, ಜನರೇಟರಿನ ಗುರುಗುರು,
ಒಂಟೆ ದಾಟುವ ಜಾಗ ಎಂಬ ಹಳದಿ ಬೋರ್ಡು,
ದಾಟದೆ ನಿಂತ ಒಂಟೆ.

"ಇಲ್ಲಿಂದ ಅಲ್ಲಿ ತನಕ,"
ಅಬ್ದಲಿ ಕಡೆಗೆ ಗದ್ದ ಎತ್ತಿ ತೋರಿಸಿದರು,
"ಸುಟ್ಟ ಗಾಡಿಗಳು. ಅದನ್ನೆಲ್ಲ ಟಿವಿಯವರು ತೋರಿಸಿದ್ದಾರೆ.
ಒಳಗಿನದ್ದು ಹೇಳ್ತೇನೆ ಕೇಳು:
ಗೋಡೆ ಗಡಿಯಾರ, ಹೊಲಿಗೆ ಮಿಷನ್ನು,
ಶಾಂಪೂ ಬಾಟಲಿ, ಹೆಂಗಸರ ಹೊಸ ಸ್ಯಾಂಡಲ್ಲು,
ಯಾರದ್ದೋ ಮನೆಯ ಹಾಸಿಗೆ, ಅದರ ಮೇಲೆ ಒಬ್ಬ ಹುಡುಗ,
ಮೀಸೆ ಆಗಷ್ಟೇ ಬಂದದ್ದು.
ನಾನು ಅವನನ್ನು ದಾಟಿ ಹೋದೆ.
ನಮ್ಮ ಬೇಕರಿಯ ತಕ್ಕಡಿ ಹುಡುಕಬೇಕಿತ್ತು."

ಸಿಕ್ಕಿತಾ?

ಡ್ಯಾಶ್‌ಬೋರ್ಡಿನ ಖಾನೆ ತೆರೆದರು.
ಪೆಟ್ರೋಲ್ ಚೀಟಿಗಳ ಕೆಳಗೆ ಅರ್ಧ ಕಿಲೋದ ಬಟ್ಟು,
ಒಂದು ಮಗ್ಗುಲು ಕರಗಿ ಜಾರಿದ ಹಿತ್ತಾಳೆ.
"ಇಷ್ಟೇ. ಈಗ ಇದು ನಾನೂರ ಎಪ್ಪತ್ತು ಗ್ರಾಂ.
ತೂಗಿಸಿ ನೋಡಿದ್ದೇನೆ."

ನನ್ನ ಅಂಗೈಗೆ ಹಾಕಿ ಸುಮ್ಮನಾದರು.
ಇಂಜಿನ್ನಿನ ಕಾವಿಗೆ ಬಿಸಿಯಾಗಿತ್ತು,
ಹಿಡಿಯಲಿಕ್ಕೂ ಆಗದು, ಕೆಳಗಿಡಲಿಕ್ಕೂ.
ಹಿಂದಿನಿಂದ ನೀರಿನ ಟ್ಯಾಂಕರು ಹಾರ್ನ್ ಹೊಡೆಯಿತು.
ಪಟ್ಟಿಯನ್ನು ಮಡಚಿ ಖುಬ್ಬೂಸಿನ ಅಡಿಗೆ ತಳ್ಳಿದೆ.

ಮುಂದೆ ಗಡಿ. ಅದರಾಚೆಗೆ
ನಮ್ಮಿಬ್ಬರಿಗೂ ವೀಸಾ ಇಲ್ಲ.
"ಚಾ ಕುಡಿಯುವಾ?" ಅಂದರು,
ಖಾನೆ ಮುಚ್ಚದೆಯೇ
ಗಾಡಿ ತಿರುಗಿಸುತ್ತ.