ಮಂಗಳವಾರ ಮಾತ್ರ

ನನ್ನನ್ನು ಕೇಳಬೇಡಿ, ನಾನೇನೂ ಸಿನಿಮಾ ಪಂಡಿತನಲ್ಲ.
ಟೊಲೀಡೋದಲ್ಲಿ ಹಲ್ಲುಸೆಟ್ಟು ಮಾಡುವವ,
ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ
ಸಂಜೆ ಐದಕ್ಕೆ ಕೈ ತೊಳೆದುಕೊಳ್ಳುವವ.
ಮಂಗಳವಾರ ಟಿಕೇಟು ಐದೇ ಡಾಲರು.
ಹಾಗಾಗಿ ಮಂಗಳವಾರ ಮಾತ್ರ
ನನಗೂ ಅಭಿಪ್ರಾಯಗಳಿರುತ್ತವೆ.

ಹೋದ ತಿಂಗಳದ್ದು: ಅಣ್ಣತಮ್ಮ ಇಬ್ಬರಿಗೆ
ಅಪ್ಪನಿಂದ ಹೆಣದಪೆಟ್ಟಿಗೆಯ ಅಂಗಡಿ ಬಳುವಳಿ ಬರುತ್ತದೆ.
ಮೊದಲ ಇಪ್ಪತ್ತು ನಿಮಿಷ ಹೊಟ್ಟೆ ಹಿಡಿದುಕೊಂಡೆ.
ಅಳತೆ ನೋಡಲು ಪೆಟ್ಟಿಗೆಯೊಳಗೆ ಮಲಗಿದ ಅಣ್ಣ
ಹಾಗೇ ಗೊರಕೆ ಹೊಡೆಯುತ್ತಿದ್ದಾನೆ,
ವಿಧವೆ ಬಂದು ಬಗ್ಗಿ ನೋಡಿ
'ನಮ್ಮವರಲ್ಲ. ಪರವಾಗಿಲ್ಲ, ಇವರೇ ಇರಲಿ' ಅಂದಳಲ್ಲ,
ಅಲ್ಲಿ.
ಆಮೇಲೆ ಯಾರೋ ನಿರ್ದೇಶಕನ ಕಿವಿಯೂದಿರಬೇಕು,
ನಗಿಸಿದರೆ ಸಾಲದು, ಎದೆ ತಟ್ಟಬೇಕು ಅಂತ.
ಅಲ್ಲಿಂದ ಶುರುವಾಯಿತು ಪಿಯಾನೋ.
ಅಪ್ಪುಗೆಗಳನ್ನು ಎಣಿಸುತ್ತ ಕೂತೆ: ಒಂಬತ್ತು.

ಮಾತಾಡುವ ರಕೂನಿನ ಮೂರನೇ ಭಾಗವನ್ನೂ ನೋಡಿದೆ.
ಎರಡನೆಯದನ್ನು ನೋಡಿರಲಿಲ್ಲ.
ಏನೂ ತಪ್ಪಿಹೋದಂತೆ ಅನಿಸಲಿಲ್ಲ,
ರಕೂನಿಗೂ ಅನಿಸಿದ ಹಾಗಿಲ್ಲ.

ನನ್ನ ಜೊತೆ ಬರುವಾಕೆ ಇಲೋನ್ಕಾ ವರ್ಗಾ,
ಎಂಬತ್ತೊಂದು, ಹಂಗೇರಿಯವರ ಬೀದಿಯವಳು.
ಅವಳ ಮೇಲಿನ ಸೆಟ್ಟು ನನ್ನ ಕೈಕೆಲಸ.
ಹಲ್ಲಿಲ್ಲದ ಕಾಲದ ಅಭ್ಯಾಸ, ಈಗಲೂ ನಗುವಾಗ
ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾಳೆ,
ದೀಪಕ್ಕೆ ಗಾಳಿ ತಾಗದಂತೆ ಹಿಡಿದ ಹಾಗೆ.
ಇಷ್ಟು ಚಂದದ ಹಲ್ಲು ಮಾಡಿಕೊಟ್ಟು
ಏನು ಬಂತು ಅಂತ ನನಗೆ ಒಳಗೊಳಗೇ ಉರಿ.

ಈ ವಾರದ್ದು ಮದುವೆ ಮನೆಯ ಸಿನಿಮಾ.
ನಾಯಿ ಉಂಗುರ ನುಂಗುತ್ತದೆ. ನಾಯಿಗಳು ಇನ್ನೇನನ್ನೂ
ನುಂಗುವುದೇ ಇಲ್ಲವೆ ಸಿನಿಮಾದಲ್ಲಿ?
ಆಮೇಲೆ ವರನ ತಾತ ಸೀನುತ್ತಾನೆ,
ಹಲ್ಲುಸೆಟ್ಟು ಹಾರಿ ಕೇಕಿನ ಮೂರನೇ ಅಂತಸ್ತಿನಲ್ಲಿ ನಿಲ್ಲುತ್ತದೆ.
ಸುಳ್ಳು! ಎದ್ದುನಿಂತು ಹೇಳಬೇಕೆನಿಸಿತು.
ಸರಿಯಾಗಿ ಕೂರಿಸಿದ್ದು ಹಾಗೆಲ್ಲ ಹಾರುವುದಿಲ್ಲ ಸ್ವಾಮಿ,
ಅಂಗುಳಕ್ಕೆ ಕಚ್ಚಿಕೊಂಡಿರುತ್ತದೆ, ಹಲಸಿನ ಮೇಣದ ಹಾಗೆ,
ಇಪ್ಪತ್ತಾರು ವರ್ಷದಿಂದ ನನ್ನದೊಂದೂ…

ಪಕ್ಕದಲ್ಲಿ 'ಟಕ್' ಅಂದಿತು.

ಇಲೋನ್ಕಾಳ ಕೈ ಬಾಯಿಯ ಬಳಿ ಇರಲಿಲ್ಲ.
ಎರಡೂ ಕೈಯಲ್ಲಿ ಸೀಟಿನ ತೋಳು ಹಿಡಿದು
ಬೊಚ್ಚುಬಾಯಿ ಅಗಲಿಸಿ, ಕಣ್ಣೀರು ಸುರಿಸಿ,
ಮುಂದಿನ ಸಾಲಿನವರು ತಿರುಗಿ ನೋಡುವಂತೆ ನಗುತ್ತಿದ್ದಳು.
ಪಾಪ್‌ಕಾರ್ನ್ ಮಡಿಲಲ್ಲೇ ಇತ್ತು.
ಹಲ್ಲು?
ಹಲ್ಲೂ ಅದರೊಳಗೇ ಇತ್ತು.

ಫೋನಿನ ಬೆಳಕಲ್ಲಿ ಕೆದಕಿ ಹುಡುಕಿದೆವು.
ಬೆಣ್ಣೆ ಹತ್ತಿದ್ದ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.
ಅಷ್ಟರಲ್ಲಿ ನಾಯಿಗೂ ವಧುವಿಗೂ ಏನೋ ಆಗಿಹೋಗಿತ್ತು.
ಏನಾಯಿತು ಅಂತ ಕೇಳಬೇಡಿ.
ಚಿತ್ರ ಕೆಟ್ಟದಾಗಿದೆ. ನೋಡಿ, ಆದರೆ
ಅಂಟು ಹಚ್ಚಿಕೊಂಡು ಹೋಗಿ.

ಬುಧವಾರ ಬೆಳಿಗ್ಗೆ ಅರೆದು ಸರಿಮಾಡಿದೆ,
ಒಸಡು ಕುಗ್ಗಿದೆ, ತಪ್ಪು ಪೂರ್ತಿ ನನ್ನದಲ್ಲ.
ದುಡ್ಡು ತೆಗೆದುಕೊಳ್ಳಲಿಲ್ಲ.
ಕನ್ನಡಿ ಕೊಟ್ಟರೆ ಮತ್ತೆ ಅಂಗೈ ಅಡ್ಡ ತಂದಳು,
ಅರ್ಧ ದಾರಿಗೆ ನಿಲ್ಲಿಸಿ, ಕೂದಲು ಸರಿಮಾಡಿಕೊಂಡಳು.

ನವೆಂಬರಿಗೆ ಇನ್ನೊಂದು ಬರುತ್ತದಂತೆ,
ಲಿಫ್ಟಿನಲ್ಲಿ ಸಿಕ್ಕಿಕೊಂಡ ಮೂವರು ಕಳ್ಳರು, ಒಬ್ಬ ಜಡ್ಜು.
ತುಣುಕಿನಲ್ಲೇ ನಾಲ್ಕು ಸಲ ನಗಿಸಿಬಿಟ್ಟರು;
ನನ್ನ ಅಂದಾಜು, ಇರುವುದೂ ನಾಲ್ಕೇ.
ಐದು ಡಾಲರಿಗೆ ನಾಲ್ಕು. ಲೆಕ್ಕ ಹಾಕಿದರೆ
ನಷ್ಟವೇ.
ಇಲೋನ್ಕಾ ಆಗಲೇ ಕೇಳುತ್ತಿದ್ದಾಳೆ,
ಆ ಜಡ್ಜಿನ ಹಲ್ಲು ಸ್ವಂತದ್ದೋ, ಕಟ್ಟಿಸಿದ್ದೋ ಅಂತ.
ಪೋಸ್ಟರಿನ ಹತ್ತಿರ ಹೋಗಿ ನೋಡಿದೆ.
ಕಟ್ಟಿಸಿದ್ದು.
ಕೆಲಸ ಅಷ್ಟಕ್ಕಷ್ಟೆ.